ಬೀದರಿನ ಕೆಂಪುನೆಲದಲ್ಲಿ ಹಿರಿಯರ ಗಾಲ್ಫ್

ಮೊದಲ ದಿನ: ಕಲಬುರಗಿಯಿಂದ ಬೀದರಿಗೆ

ಕಲಬುರಗಿ ನಿಲ್ದಾಣದಲ್ಲಿ ಬೀದರ್ ಗಾಡಿಗಾಗಿ ಕಾಯುತ್ತ ಕುಳಿತಿದ್ದಾಗ ಕಾಕಾ ಅವರ ಚೀಲ ನೋಡಿ ಇಬ್ಬರು ವಿಚಾರಿಸಿದರು. ಉದ್ದನೆಯ ಕ್ಯಾನ್‌ವಾಸ್ ಚೀಲ, ಬಾಯಿಗೆ ಹಗ್ಗ. ಭಜನೆಯ ತಂಬೂರಿಯೇ ಎಂದು ಒಬ್ಬರು ಕೇಳಿದರು. ಕಾಕಾ ಹಗ್ಗ ಸಡಿಲಿಸಿ ಒಳಗಿದ್ದ ಗಾಲ್ಫ್ ಕೋಲುಗಳನ್ನು ಒಂದೊಂದಾಗಿ ಹೊರತೆಗೆದು ಇದು ದೂರ ಹೊಡೆಯುವುದಕ್ಕೆ, ಇದು ಎತ್ತಿ ಹಾಕುವುದಕ್ಕೆ, ಇದು ಕೊನೆಗೆ ಕುಳಿಗೆ ಉರುಳಿಸುವುದಕ್ಕೆ ಎಂದು ತೋರಿಸಿದರು. ಆಟಗಾರ ಹದಿನಾಲ್ಕು ಕೋಲುಗಳವರೆಗೆ ಇಟ್ಟುಕೊಳ್ಳಬಹುದು ಎನ್ನುತ್ತದೆ ನಿಯಮ. ಕಾಕಾ ಅವರ ಬಳಿ ಇರುವುದು ಒಂಬತ್ತು. ಅಷ್ಟರಲ್ಲಿಯೇ ಅವರ ಆಟ.

ಕಾಕಾ ಅವರಿಗೆ ಈಗ 68. ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು. ದಂಡುಪ್ರದೇಶದ ಮೈದಾನವೊಂದರಲ್ಲಿ ಮೊದಲು ಅಧಿಕಾರಿಗಳ ಆಟ ನೋಡಿದರು, ಆಮೇಲೆ ಚೆಂಡು ಹೆಕ್ಕಿಕೊಟ್ಟರು, ಕೊನೆಗೆ ಒಂದು ದಿನ ಕೋಲು ಹಿಡಿದರು. ಊರಿಗೆ ಮರಳಿದ ಮೇಲೆ ಆಟ ಬಿಟ್ಟುಹೋಯಿತು ಎಂದುಕೊಂಡಿದ್ದರಂತೆ. ಬೀದರಿನ ಡಾಕ್ಟರ್ ಸಾಹೇಬರ ಪರಿಚಯವಾದದ್ದೇ ತಡ, ಮತ್ತೆ ಶುರುವಾಯಿತು. ಸಾಹೇಬರು ನಗರದ ಹೊರಗಿನ ತಮ್ಮ ಇಪ್ಪತ್ತೆರಡು ಎಕರೆ ಬರಡು ನೆಲದಲ್ಲಿ ಆರು ಕುಳಿಗಳ ಮೈದಾನ ಮಾಡಿಕೊಂಡಿದ್ದಾರೆ. ಎಳ್ಳಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿ ಪ್ರತಿ ವರ್ಷ ಹಿರಿಯರ ಪಂದ್ಯ ನಡೆಯುತ್ತದೆ. ಈ ಸಲ ಕಾಕಾ ಅವರ ಚೀಲ ಹೊರುವವಳು ನಾನು, ಅಂಕಪಟ್ಟಿ ಬರೆಯುವವಳೂ ನಾನೇ. ಕಚೇರಿಗೆ ರಜೆ ಹಾಕಿ ಬಂದಿದ್ದೇನೆ.

ಗಾಡಿ ಹೊರಟಿತು. 110 ಕಿಲೋಮೀಟರಿನ ಈ ಹಳಿ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗುವ ಮೊದಲು ನಮ್ಮ ಕಡೆಯವರು ಬೀದರಿಗೆ ಹೋಗಬೇಕೆಂದರೆ ಹುಮನಾಬಾದ್ ರಸ್ತೆಯ ಬಸ್ಸೇ ಗತಿಯಾಗಿತ್ತು. ಕಮಲಾಪುರ ಬಂದಾಗ ಕಾಕಾ ಅಲ್ಲಿಯ ಕೆಂಪು ಬಾಳೆಹಣ್ಣನ್ನು ನೆನೆದರು. ಹೊರಡುವ ಮುನ್ನವೇ ಒಂದು ಚಿಪ್ಪು ಕೊಂಡಿದ್ದೆವು, ತೆಗೆದು ತಿಂದೆವು. ಮರಗುತ್ತಿಯ ಸುರಂಗ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದವಿದೆ, ಅದರ ಕತ್ತಲಲ್ಲಿ ಮಾತು ನಿಲ್ಲಿಸಿದೆವು. ಹುಮನಾಬಾದ್ ದಾಟಿದ ಮೇಲೆ ಕಿಟಕಿಯಾಚೆಯ ಕಪ್ಪು ಎರೆಯಲ್ಲಿ ಅಲ್ಲಲ್ಲಿ ಕೆಂಪು ಕಾಣಿಸಿಕೊಂಡಿತು. ಬೀದರ್ ಸಮೀಪಿಸಿದಾಗ ಕಟ್ಟೆ, ಗೋಡೆ, ರಸ್ತೆಬದಿಯ ಧೂಳು ಎಲ್ಲವೂ ಕೆಂಪಾಗಿದ್ದವು.

"ಹಿರಿಯರ ಪಂದ್ಯಕ್ಕೆ ಐವತ್ತೈದು ವಯಸ್ಸೇ ಏಕೆ?" ಎಂದು ದಾರಿಯಲ್ಲಿ ಕೇಳಿದ್ದೆ. ಕಾಕಾ ಅವರಿಗೆ ಈ ಪ್ರಶ್ನೆ ಬಲು ಇಷ್ಟ. ಅಮೆರಿಕದಲ್ಲಿ ಸೀನಿಯರ್ ಅಮೆಚೂರ್ ಚಾಂಪಿಯನ್‌ಷಿಪ್ ಶುರುವಾದದ್ದು 1955ರಲ್ಲಿ, ನ್ಯಾಶ್‌ವಿಲ್‌ನ ಬೆಲ್ ಮೀಡ್ ಮೈದಾನದಲ್ಲಿ. ಪಂದ್ಯದ ಹೊತ್ತಿಗೆ 55 ತುಂಬಿರಬೇಕು, ಹಣಕ್ಕಾಗಿ ಆಡುವವನಾಗಿರಬಾರದು. ಬ್ರಿಟನ್ನಿನಲ್ಲಿ ಅಂಥದೇ ಪಂದ್ಯ 1969ರಲ್ಲಿ ಬಂತು. ಅಮೆರಿಕದವರದು ಎರಡು ದಿನ ಒಟ್ಟು 36 ಹೋಲ್ (ಶುರುವಿನ ಜಾಗದಿಂದ ಒಂದು ಕುಳಿಯವರೆಗಿನ ಆಟ ಒಂದು ಹೋಲ್), ಆಡಿದ ಹೊಡೆತಗಳ ಲೆಕ್ಕ. ಕಡಿಮೆ ಹೊಡೆತಗಳ 64 ಜನರನ್ನು ಆರಿಸಿಕೊಂಡು ಆಮೇಲೆ ಒಬ್ಬನೆದುರು ಒಬ್ಬನನ್ನು ನಿಲ್ಲಿಸುತ್ತಾರೆ. ಬೀದರಿನ ಪಂದ್ಯವೂ ಇದೇ ಮಾದರಿಯದು. ಇಲ್ಲಿ ಆಡುವವರು ಹನ್ನೆರಡು ಮಂದಿ, ಮುಂದಕ್ಕೆ ಹೋಗುವವರು ನಾಲ್ವರು. ಅಮೆರಿಕದಲ್ಲಿ ಹಿರಿಯ ಮಹಿಳೆಯರಿಗೆ 1962ರಿಂದ ಬೇರೆ ಚಾಂಪಿಯನ್‌ಷಿಪ್ ಇದೆ, ಅದಕ್ಕೆ 50 ತುಂಬಿದರೆ ಸಾಕು. ನನಗೆ ಇನ್ನು ನಾಲ್ಕು ವರ್ಷ ಬಾಕಿ. ಆಗ ನಾನು ಚೀಲ ಹೊರುವುದಿಲ್ಲ, ಆಡುತ್ತೇನೆ.

ಎರಡನೆಯ ದಿನ: ಆರು ಕುಳಿ, ಮೂರು ಸುತ್ತು

ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿದ್ದೆವು. ಡಿಸೆಂಬರ್ ಕೊನೆಯ ಬೀದರಿನ ಚಳಿ ಕಲಬುರಗಿಯವರಿಗೆ ಹೊಸದು. ಸಾಹೇಬರ ಆಳು ದಂಟಿನ ಬೆಂಕಿ ಹಾಕಿದ್ದ, ಹನ್ನೆರಡೂ ಜನ ಅದರ ಸುತ್ತ ಕೈ ಕಾಯಿಸುತ್ತ ನಿಂತಿದ್ದರು. ಅವರಲ್ಲಿ ಕಿರಿಯರಿಗೆ 56, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು. ಹಿರಿಯರು 77ರ ಮಾಸ್ತರರು. ಸಾಹೇಬರಿಗೆ 74. ಅವರ ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಇನ್ನೊಂದು ಬಾಕಿ.

ಈ ಮೈದಾನವನ್ನು ಹೇಗೆ ಬಣ್ಣಿಸಲಿ? ಟಿವಿಯಲ್ಲಿ ಗಾಲ್ಫ್ ನೋಡಿದವರ ಕಣ್ಣಿನಲ್ಲಿ ಹಸಿರು ಹಾಸು ಇರುತ್ತದೆ. ಇಲ್ಲಿ ಹಸಿರಿಲ್ಲ. ಜಂಬಿಟ್ಟಿಗೆಯ ಗಟ್ಟಿ ನೆಲ, ಅದರ ಮೇಲೆ ತೆಳ್ಳಗೆ ಗರಸು, ಅಲ್ಲಲ್ಲಿ ಒಣಗಿದ ಕರಡದ ಹುಲ್ಲು. ಚೆಂಡು ಬೀಳಬೇಕಾದ ಹಾದಿಯ ಎರಡೂ ಅಂಚಿಗೆ ಸುಣ್ಣದ ಗೆರೆ ಎಳೆದಿದ್ದಾರೆ. ಗೆರೆಗಳ ಒಳಗೆ ಚೆಂಡು ನಿಂತರೆ ಚಾಪೆಯ ತುಂಡೊಂದನ್ನು ಹಾಸಿ, ಅದರ ಮೇಲಿಟ್ಟು ಹೊಡೆಯಬಹುದು. ಗೆರೆ ದಾಟಿತೋ, ಇದ್ದ ಹಾಗೆಯೇ ಹೊಡೆಯಬೇಕು. ಕಲ್ಲಿಗೆ ತಾಗಿ ಕೋಲಿನ ಬಾಯಿ ಮುಕ್ಕಾದರೂ ಸರಿ. ಬಲಕ್ಕೆ ಹಳೆಯ ಕಲ್ಲಿನ ಗಣಿ, ಅಲ್ಲಿಂದ ಗರಗಸದಲ್ಲಿ ಕೊಯ್ದ ಇಟ್ಟಿಗೆಯಂಥ ಕಲ್ಲುಗಳು ಒಂದು ಕಾಲಕ್ಕೆ ಊರಿನ ಮನೆಗಳಿಗೆ ಹೋಗಿವೆ. ಎಡಕ್ಕೆ ಇಳಿಜಾರಿನ ಕೆಳಗೆ ಕಪ್ಪು ನೆಲ, ಕಟಾವಿಗೆ ಬಂದ ತೊಗರಿ. ತೊಗರಿಗೆ ಬಿದ್ದ ಚೆಂಡನ್ನು ಯಾರೂ ತರಲು ಹೋಗುವುದಿಲ್ಲ. ರೈತನ ಬೆಳೆಯೊಳಗೆ ಕಾಲಿಡಬಾರದು ಎಂಬುದು ಇಲ್ಲಿಯ ಮೊದಲ ನಿಯಮ. ಕರಡವನ್ನು ಗಿಡ್ಡವಾಗಿ ಇಡುವ ಕೆಲಸ ಆಡುಗಳದು. ಅವನ್ನು ಕಾಯುವ ಅಜ್ಜ ಬೆಳಗಿನ ಆಟದ ಹೊತ್ತಿಗೆ ಗಣಿಯ ಅಂಚಿಗೆ ಸರಿದು ನಿಲ್ಲುತ್ತಾನೆ, ಚೆಂಡು ಎಲ್ಲಿ ಬಿತ್ತೆಂದು ಕೈ ಎತ್ತಿ ತೋರಿಸುತ್ತಾನೆ. ಆ ದಿನ ಎರಡು ಚೆಂಡು ಉಳಿದದ್ದು ಅವನ ಕಣ್ಣಿನಿಂದ.

ಕುಳಿಯ ಸುತ್ತಲಿನ ಜಾಗವನ್ನು ಬೇರೆ ಕಡೆ ಗ್ರೀನ್ ಎನ್ನುತ್ತಾರೆ, ಇಲ್ಲಿ ಬ್ರೌನ್. ಹೆಸರು ಇವರು ಕಟ್ಟಿದ್ದಲ್ಲ. ನೀರಿಲ್ಲದ ಊರುಗಳಲ್ಲಿ ಹುಲ್ಲಿನ ಬದಲು ಮರಳು ಹಾಸಿ ಆಡುವುದು ಹಳೆಯ ರೂಢಿ. ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್‌ನ ಎರಡನೆಯ ಸಂಖ್ಯೆಯ ಮೈದಾನದಲ್ಲಿಯೂ 1930ರ ದಶಕದ ನಡುವಿನವರೆಗೆ ಮರಳೇ ಇತ್ತು. ಮರಳು ಹಾರದಿರಲೆಂದು ಅನೇಕ ಕಡೆ ಎಂಜಿನ್ ಎಣ್ಣೆ ಬೆರೆಸುತ್ತಿದ್ದರು. ಸಾಹೇಬರು ಅದಕ್ಕೆ ಒಪ್ಪುವುದಿಲ್ಲ. ಗರಸನ್ನು ಜರಡಿ ಹಿಡಿದು, ಹದಿನೈದು ಹೆಜ್ಜೆ ಅಗಲದ ದುಂಡನೆಯ ಕಣ ಮಾಡಿ, ರಾತ್ರಿ ಎರಡೆರಡು ಕೊಡ ನೀರು ಚಿಮುಕಿಸಿಡುತ್ತಾರೆ. ನಡುವೆ ಕುಳಿ. ನಿಯಮದಂತೆ ಕುಳಿಯ ಅಗಲ 108 ಮಿಲಿಮೀಟರ್. ಇಲ್ಲಿ ಹೂತಿರುವುದು ಪ್ಲಾಸ್ಟಿಕ್ ಪೈಪಿನ ತುಂಡು, ಒಳಗಿನ ಅಗಲ ಎರಡು ಮೂರು ಮಿಲಿಮೀಟರ್ ಕಡಿಮೆ. ಕಾಕಾ ಅಳತೆಪಟ್ಟಿ ಹಿಡಿದು ಇದನ್ನು ಹಿಂದೆಯೇ ಎತ್ತಿ ಆಡಿದ್ದರು. ಹನ್ನೆರಡು ಜನಕ್ಕೂ ಅಷ್ಟೇ ಕಿರಿದು ಎಂದು ತೀರ್ಮಾನವಾಗಿದೆ.

ಗರಸಿನ ಮೇಲೆ ಹೆಜ್ಜೆ ಮೂಡುತ್ತದೆ, ಚೆಂಡು ಅದಕ್ಕೆ ತಾಗಿ ದಾರಿ ತಪ್ಪುತ್ತದೆ. ಅದಕ್ಕಾಗಿ ಬಿದಿರಿನ ಕೋಲಿಗೆ ಅಡ್ಡ ಹಲಗೆ ಕಟ್ಟಿ, ಹಲಗೆಗೆ ಗೋಣಿತಟ್ಟು ಸುತ್ತಿ ಇಟ್ಟಿದ್ದಾರೆ. ಹೊಲದ ಕೊರಡಿನ ಸಣ್ಣ ರೂಪ ಅದು. ಚೆಂಡಿನಿಂದ ಕುಳಿಯವರೆಗೆ ಒಂದು ಸಲ ಎಳೆದರೆ ಎರಡು ಗೇಣು ಅಗಲದ ನುಣುಪಾದ ದಾರಿ. ಒಂದೇ ಸಲ ಎಳೆಯಬೇಕು, ಹಿಂದೆ ಮುಂದೆ ಆಡಿಸುವಂತಿಲ್ಲ. ತನ್ನ ದಾರಿಯನ್ನು ತಾನೇ ಎಳೆದುಕೊಂಡರೆ ಕೈ ಅರಿಯದೆಯೇ ನಡುವೆ ಒತ್ತಿ ಕಾಲುವೆ ಮಾಡಿಬಿಡುತ್ತದೆ ಎಂದು ಮಾಸ್ತರರು ಮೊದಲ ವರ್ಷವೇ ಹೇಳಿದ್ದರು. ಅಂದಿನಿಂದ ಒಬ್ಬರ ದಾರಿಯನ್ನು ಇನ್ನೊಬ್ಬರು ಎಳೆಯುತ್ತಾರೆ. ನಾನು ಬಗ್ಗಿ ನೋಡಿದೆ. ಗೋಣಿಯ ಎಳೆಗಳು ಗರಸಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೀರು ಬಿಟ್ಟಿದ್ದವು. ಚೆಂಡು ಉರುಳಿದ ಮೇಲೆ ಆ ಗೀರುಗಳ ನಡುವೆ ಬೆರಳಗಲದ ಹೊಳಪು ಉಳಿಯಿತು.

ಬೀದರಿನಂಥ ಊರಿನಲ್ಲಿ ಇದೇ ಸರಿಯಾದ ಗಾಲ್ಫ್ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಇಲ್ಲಿಂದ ದೂರವಿಲ್ಲದ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ, ಜಂಬಿಟ್ಟಿಗೆಯನ್ನು ನೆಲದೊಳಗೆ ಕೊರೆದು, ಮೇಲಕ್ಕೆ ಬಾವಿಯಂಥ ಕಿಂಡಿಗಳನ್ನು ಬಿಟ್ಟು ನೀರನ್ನು ಹರಿಸಿಕೊಂಡು ಬಂದ ಸುರಂಗ. ಕುಡಿಯುವ ನೀರಿಗಾಗಿ ಬಂಡೆ ಕೊರೆದವರ ಊರಿದು. ಇಲ್ಲಿ ಆಟದ ಹುಲ್ಲಿಗೆ ಬೋರ್‌ವೆಲ್ ಹಾಕುವುದು ತಪ್ಪು. ಸಾಹೇಬರಿಗೆ ಅಂಥ ಸಲಹೆ ಕೊಟ್ಟವರಿದ್ದಾರೆ, ಅವರು ಕಿವಿಗೊಟ್ಟಿಲ್ಲ.

ಆರು ಹೋಲ್‌ಗಳನ್ನು ಮೂರು ಸಲ ಸುತ್ತಿದರೆ 18. ನಾಲ್ಕು ಹೋಲ್‌ಗಳಿಗೆ ನಾಲ್ಕು ಹೊಡೆತ, ಎರಡಕ್ಕೆ ಮೂರು ಹೊಡೆತ ಪಾರ್, ಅಂದರೆ ನಿಗದಿಯಾದ ಹೊಡೆತ, ಸುತ್ತಿಗೆ 22, ಒಟ್ಟು 66. ಕಾಕಾ 83ರಲ್ಲಿ ಮುಗಿಸಿದರು. ಮಾಸ್ತರರು 79. 77ರ ವಯಸ್ಸಿಗೆ 79 ಹೊಡೆತ! ತಮ್ಮ ವಯಸ್ಸಿನಷ್ಟೇ ಹೊಡೆತಗಳಲ್ಲಿ 18 ಹೋಲ್ ಮುಗಿಸುವುದು ಹಿರಿಯ ಗಾಲ್ಫ್ ಆಟಗಾರರೆಲ್ಲರ ಆಸೆ. ಎರಡು ಹೊಡೆತ ಹೆಚ್ಚಾಯಿತು ಎಂದು ಮಾಸ್ತರರು ಮಧ್ಯಾಹ್ನ ಊಟದಲ್ಲಿಯೂ ಅದನ್ನೇ ಲೆಕ್ಕ ಹಾಕುತ್ತಿದ್ದರು.

ಮೂರನೆಯ ದಿನ: ಕೋಟೆಯ ಮಣ್ಣು

ಗಾಳಿ ಇರಲಿಲ್ಲ, ಹೆಚ್ಚಿನವರ ಆಟ ಸುಧಾರಿಸಿತು. ಕಾಕಾ 80. ಒಟ್ಟು 163ಕ್ಕೆ ನಾಲ್ಕನೆಯ ಸ್ಥಾನ, ಅಂತೂ ಕೊನೆಯ ನಾಲ್ವರಲ್ಲಿ ಸೇರಿದರು. ಮಾಸ್ತರರಿಗೆ ಮತ್ತೆ 79.

ಸಂಜೆ ಸಾಹೇಬರು ನಮ್ಮನ್ನು ಬಿದ್ರಿ ಕುಶಲಕರ್ಮಿಯೊಬ್ಬರ ಕೆಲಸದ ಕೋಣೆಗೆ ಕರೆದುಕೊಂಡು ಹೋದರು. ಇಷ್ಟು ವರ್ಷ ಗೆದ್ದವರಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಡುತ್ತಿದ್ದರು. ಈ ವರ್ಷ ಬಹುಮಾನವೆಂದು ರೂಪಾಯಿ ನಾಣ್ಯದಷ್ಟು ಅಗಲದ ಬಿದ್ರಿ ಬಿಲ್ಲೆಯೊಂದನ್ನು ಮಾಡಿಸಿದ್ದಾರೆ. ಬ್ರೌನ್ ಮೇಲೆ ಚೆಂಡು ಎತ್ತಿದಾಗ ಅದರ ಜಾಗದಲ್ಲಿ ಗುರುತಿಗೆ ಇಡುವ ಬಿಲ್ಲೆ. ಗೆದ್ದವರು ವರ್ಷಪೂರ್ತಿ ಅದರಿಂದ ಆಡಿ, ಮುಂದಿನ ಎಳ್ಳಅಮಾವಾಸ್ಯೆಗೆ ತಂದೊಪ್ಪಿಸಬೇಕು.

ನಾವು ಹೋದಾಗ ಬಿಲ್ಲೆ ಇನ್ನೂ ಬೂದುಬಣ್ಣದಲ್ಲಿತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಲೋಹ, ಅದರಲ್ಲಿ ಉಳಿಯಿಂದ ಕೊರೆದ ಎಳೆಗಳು, ಎಳೆಗಳಲ್ಲಿ ಬಡಿದು ಕೂರಿಸಿದ ಬೆಳ್ಳಿ ತಂತಿ. ಬೆಳ್ಳಿಯೂ ಲೋಹವೂ ಒಂದೇ ಬಣ್ಣವಾಗಿ ಕಾಣುತ್ತಿದ್ದುದರಿಂದ ಚಿತ್ತಾರ ಏನೆಂದು ತಿಳಿಯುತ್ತಿರಲಿಲ್ಲ. ಕುಶಲಕರ್ಮಿ ಡಬ್ಬಿಯಿಂದ ಕೋಟೆಯ ಹಳೆಯ ಮಣ್ಣು ತೆಗೆದು ಚಿಟಿಕೆಯಷ್ಟನ್ನು ನಾಲಿಗೆಗೆ ಹಚ್ಚಿಕೊಂಡು ನೋಡಿದರು, ತಲೆಯಾಡಿಸಿದರು. ಬಿಸಿಲು ಮಳೆ ಕಾಣದೆ ಶತಮಾನಗಳಿಂದ ಬಿದ್ದ ಮಣ್ಣೇ ಆಗಬೇಕು, ಹೊಲದ ಮಣ್ಣು ಆಗದು. ಅದಕ್ಕೆ ನವಸಾಗರ ಬೆರೆಸಿ ನೀರಿನಲ್ಲಿ ಕುದಿಸಿ, ಬಿಸಿ ಬಿಲ್ಲೆಗೆ ಉಜ್ಜಿದರು. ನೋಡುತ್ತಿದ್ದಂತೆಯೇ ಬೂದು ಕರಗಿ ಕಪ್ಪಾಯಿತು. ಬೆಳ್ಳಿಗೆ ಕಪ್ಪು ಹತ್ತಲಿಲ್ಲ. ಆರು ಎಸಳಿನ ಒಂದು ಹೂವು ಮೇಲೆದ್ದು ಬಂತು, ಆರು ಹೋಲ್‌ಗಳಿಗೆ ಆರು ಎಸಳು. ಕೊಬ್ಬರಿ ಎಣ್ಣೆ ಒರೆಸಿ ಕಾಕಾ ಅವರ ಅಂಗೈಯಲ್ಲಿಟ್ಟರು. ಕಾಕಾ ಒಂದು ಗಳಿಗೆ ಹಿಡಿದು ನೋಡಿ, ಮಾತಾಡದೆ ಸಾಹೇಬರ ಕೈಗೆ ದಾಟಿಸಿದರು.

ನಾಲ್ಕನೆಯ ದಿನ: ಎಳ್ಳಅಮಾವಾಸ್ಯೆ

ಈ ದಿನ ಆಟವಿಲ್ಲ. ಚರಗ, ಅಂದರೆ ಹೊಲಕ್ಕೆ ಅರ್ಪಿಸುವ ನೈವೇದ್ಯ, ಚೆಲ್ಲುವ ದಿನ ನೆಲಕ್ಕೆ ಕೋಲು ತಾಗಿಸಬಾರದು ಎಂದು ಸಾಹೇಬರ ಹೊಲ ಮಾಡುವ ರೈತ ಮೊದಲ ವರ್ಷ ಕೇಳಿಕೊಂಡಿದ್ದನಂತೆ. ಅದು ಹಾಗೆಯೇ ನಡೆದುಬಂದಿದೆ. ನಮ್ಮನ್ನೆಲ್ಲ ಅವನೇ ಊಟಕ್ಕೆ ಕರೆದಿದ್ದ.

ಇಳಿಜಾರಿನ ಕೆಳಗಿನ ಕಪ್ಪು ನೆಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು. ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಸುಣ್ಣ ಹಚ್ಚಿ ನಿಲ್ಲಿಸಿದ್ದರು. ಪೂಜೆಯಾದ ಮೇಲೆ ರೈತ ಮುಂದೆ, ಅವನ ಮಗ ನೀರಿನ ತಂಬಿಗೆ ಹಿಡಿದು ಹಿಂದೆ, ಹೊಲದ ಸುತ್ತ ಚರಗ ಚೆಲ್ಲುತ್ತ ನಡೆದರು. ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಅಂಬಲಿ, ಶೇಂಗಾ ಹೋಳಿಗೆ, ಎಲ್ಲಕ್ಕಿಂತ ಮಿಗಿಲಾಗಿ ಭಜ್ಜಿ. ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯ, ಸಿಕ್ಕ ಸೊಪ್ಪು, ಹುಣಸೆಹುಳಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದು ಒಂದಾಗಿರುತ್ತವೆ. ನಮ್ಮ ಭಾಗದ ಹೊರಗೆ ಇದನ್ನು ಉಂಡವರು ಕಡಿಮೆ, ಅವರ ಬಗ್ಗೆ ನನಗೆ ಮರುಕವಿದೆ.

ಊಟವಾದ ಮೇಲೆ ರೈತನ ಹೆಂಡತಿ ಒಂದು ಬುಟ್ಟಿ ತಂದು ಸಾಹೇಬರ ಮುಂದಿಟ್ಟಳು. ವರ್ಷವಿಡೀ ತೊಗರಿಯಲ್ಲಿ, ಜೋಳದಲ್ಲಿ ಸಿಕ್ಕ ಚೆಂಡುಗಳು, ಮೂವತ್ತೊಂದು, ತೊಳೆದು ಒರೆಸಿದ್ದವು. ಮಾಸ್ತರರು ಅವುಗಳಲ್ಲಿ ತಮ್ಮ ಗುರುತಿನ ನಾಲ್ಕನ್ನು ಆರಿಸಿಕೊಂಡರು.

ಐದನೆಯ ದಿನ: ಮೂರು ನಿಮಿಷ

ಕೊನೆಯ ದಿನದ್ದು ಮ್ಯಾಚ್ ಪ್ಲೇ. ಒಟ್ಟು ಹೊಡೆತಗಳ ಲೆಕ್ಕವಿಲ್ಲ. ಒಂದೊಂದು ಹೋಲ್‌ನಲ್ಲಿ ಕಡಿಮೆ ಹೊಡೆದವರಿಗೆ ಆ ಹೋಲ್, ಸಮನಾದರೆ ಯಾರಿಗೂ ಇಲ್ಲ. ಎರಡು ಸುತ್ತು, ಹನ್ನೆರಡು ಹೋಲ್. ಬೆಳಿಗ್ಗೆ ಕಾಕಾ ಮಾಸ್ತರರನ್ನು ಸೋಲಿಸಿದರು. ಮಾಸ್ತರರ ಮೊಣಕಾಲು ಎರಡು ದಿನದ ಆಟ ತಡೆದುಕೊಂಡಿತ್ತು, ಮೂರನೆಯ ಆಟಕ್ಕೆ ತಡೆಯಲಿಲ್ಲ. ಇನ್ನೊಂದು ಆಟದಲ್ಲಿ ಸಾಹೇಬರು ಬ್ಯಾಂಕಿನವರನ್ನು ಸೋಲಿಸಿದರು.

ಮಧ್ಯಾಹ್ನ ಮೂರಕ್ಕೆ ಅಂತಿಮ ಆಟ. ಮೂಡಣ ಗಾಳಿ ಎದ್ದಿತ್ತು. ಹತ್ತು ಹೋಲ್ ಮುಗಿದಾಗ ಇಬ್ಬರೂ ಸಮ. ಹನ್ನೊಂದನೆಯದು, ಅಂದರೆ ಎರಡನೆಯ ಸುತ್ತಿನ ಐದನೆಯದು, ಗಣಿಯ ಅಂಚಿನಲ್ಲಿ ಸಾಗುತ್ತದೆ. ಕಾಕಾ ಹೊಡೆದ ಚೆಂಡು ಚೆನ್ನಾಗಿಯೇ ಎದ್ದಿತು, ಗಾಳಿಗೆ ಸಿಕ್ಕು ಬಲಕ್ಕೆ ವಾಲಿತು, ಗಣಿಯ ಈಚೆಯ ಕರಡದಲ್ಲಿ ಎಲ್ಲೋ ಬಿತ್ತು. ಆಡು ಕಾಯುವ ಅಜ್ಜ ಅಂದು ಸಂತೆಗೆ ಹೋಗಿದ್ದ. ಬಿಸಿಲು ಎದುರಿಗಿತ್ತು. ಬಿದ್ದದ್ದನ್ನು ಯಾರೂ ನೋಡಲಿಲ್ಲ.

ಚೆಂಡು ಹುಡುಕಲು ಮೂರು ನಿಮಿಷ. 2019ಕ್ಕೆ ಮೊದಲು ಐದು ನಿಮಿಷವಿತ್ತು. ಸಿಗದಿದ್ದರೆ ಒಂದು ಹೊಡೆತದ ದಂಡ ತೆತ್ತು, ಮೊದಲು ಹೊಡೆದ ಜಾಗಕ್ಕೆ ಮರಳಿ ಇನ್ನೊಂದು ಚೆಂಡು ಹೊಡೆಯಬೇಕು. ಸಾಹೇಬರ ಚೆಂಡು ಸುಣ್ಣದ ಗೆರೆಗಳ ನಡುವೆ ಚಂದವಾಗಿ ಕುಳಿತಿತ್ತು. ಕಾಕಾ ಅವರ ಚೆಂಡು ಸಿಗದಿದ್ದರೆ ಹೋಲ್ ಬಹುಮಟ್ಟಿಗೆ ಸಾಹೇಬರದು. ನಾನು ಗಡಿಯಾರ ಹಿಡಿದೆ.

ಕಾಕಾ ಗಣಿಯ ಕಡೆಯಿಂದ ಹುಡುಕುತ್ತ ಬಂದರು. ಸಾಹೇಬರು ತಮ್ಮ ಕೋಲನ್ನು ನೆಲಕ್ಕೆ ಹಾಕಿ ಕರಡದೊಳಗೆ ಇಳಿದರು. ಕಣ್ಣು ಸಾಲದೆಂದು ಪಾದದಿಂದ ಹುಡುಕುತ್ತಿದ್ದರು. ಅರ್ಧ ಹೆಜ್ಜೆ ಮುಂದಿಟ್ಟು, ಕರಡವನ್ನು ಪಕ್ಕಕ್ಕೆ ಸರಿಸಿ, ಮತ್ತೆ ಅರ್ಧ ಹೆಜ್ಜೆ. ಒಂದು ನಿಮಿಷವಾಯಿತು ಎಂದೆ. ಎರಡು ಎಂದೆ. ಕಾಕಾ ನೆಟ್ಟಗೆ ನಿಂತು, "ಸಾಕು ಬಿಡಿ ಸಾಹೇಬರೇ, ಮುಳ್ಳಿದೆ" ಎಂದರು. ಸಾಹೇಬರು ತಲೆ ಎತ್ತದೆ, "ಹೊತ್ತು ಇನ್ನೂ ಇದೆಯೇನವ್ವಾ?" ಎಂದು ನನ್ನನ್ನು ಕೇಳಿದರು. ಇದೆ ಎಂದೆ. ಎರಡು ನಿಮಿಷ ಐವತ್ತು ಸೆಕೆಂಡಿಗೆ ಅವರ ಬೂಟಿನ ತುದಿಗೆ ಏನೋ ತಾಗಿತು. ಬಿಳಿ ಚೆಂಡು ಉರುಳಿ ಗೇಣು ದೂರ ಬಂತು. "ಸುಬೇದಾರರೇ, ಇಲ್ಲಿದೆ!"

ಹುಡುಕುವಾಗ ಎದುರಾಳಿಯ ಕಾಲು ತಾಗಿ ಚೆಂಡು ಸರಿದರೆ ಯಾರಿಗೂ ದಂಡವಿಲ್ಲ. ಇದ್ದ ಜಾಗಕ್ಕೆ ಮರಳಿ ಇಡಬೇಕು, ಅಷ್ಟೇ. ಎತ್ತಿನ ಗೊರಸಿನ ಹಳೆಯ ಅಚ್ಚೊಂದರಲ್ಲಿ ಅದು ಕುಳಿತಿತ್ತು. ಕಾಕಾ ಅಲ್ಲಿಯೇ ಇಟ್ಟರು. ಬಗ್ಗಿದವರು ಏಳುವಾಗ ಸಾಹೇಬರ ತೋಳು ಹಿಡಿದರು, ಒಂದು ಗಳಿಗೆ ಬಿಡಲಿಲ್ಲ. ಆಮೇಲೆ ದಪ್ಪ ಬಾಯಿಯ ಕೋಲು ತೆಗೆದುಕೊಂಡು ಕಲ್ಲು, ಮಣ್ಣು, ಕರಡ ಎಲ್ಲ ಹಾರುವಂತೆ ಹೊಡೆದರು. ಚೆಂಡು ಬ್ರೌನ್ ಅಂಚಿಗೆ ಬಂತು. ಇಬ್ಬರೂ ಐದರಲ್ಲಿ ಮುಗಿಸಿದರು. ಹೋಲ್ ಸಮ.

ಹನ್ನೆರಡನೆಯದು ಚಿಕ್ಕದು, 130 ಗಜ. ಇಬ್ಬರ ಚೆಂಡೂ ಮೊದಲ ಹೊಡೆತದಲ್ಲಿಯೇ ಬ್ರೌನ್ ಮೇಲೆ ನಿಂತವು. ಸಾಹೇಬರ ಚೆಂಡು ಕುಳಿಯಿಂದ ಏಳು ಹೆಜ್ಜೆ, ಕಾಕಾ ಅವರದು ಮೂರು ಹೆಜ್ಜೆ. ದೂರದವರು ಮೊದಲು ಆಡಬೇಕು. ಕಾಕಾ ಗೋಣಿ ಸುತ್ತಿದ ಹಲಗೆ ಎತ್ತಿಕೊಂಡರು. ಎಳೆಯುವ ಮೊದಲು ಬಗ್ಗಿ ಸಾಹೇಬರ ದಾರಿಯಲ್ಲಿದ್ದ ಎರಡು ಹರಳುಗಳನ್ನು ಬೆರಳಿನಿಂದ ಹೆಕ್ಕಿ ಹೊರಗೆ ಹಾಕಿದರು. ಆಮೇಲೆ ಒಂದೇ ನಡೆಯಲ್ಲಿ, ಹಲಗೆ ಎಲ್ಲಿಯೂ ನಿಲ್ಲದಂತೆ, ಕುಳಿಯವರೆಗೆ ಎಳೆದರು. ಅಷ್ಟು ನೇರವಾದ ದಾರಿಯನ್ನು ಐದು ದಿನಗಳಲ್ಲಿ ನಾನು ನೋಡಿರಲಿಲ್ಲ.

ಸಾಹೇಬರ ಚೆಂಡು ಆ ದಾರಿಯ ನಡುವೆಯೇ ಉರುಳಿ ಕುಳಿಗೆ ಬಿತ್ತು. ಪೈಪಿನ ತುಂಡಿಗೆ ತಾಗಿದ ಸದ್ದು ಬೆಂಕಿಯ ಹತ್ತಿರ ಕುಳಿತ ಮಾಸ್ತರರಿಗೂ ಕೇಳಿಸಿತು. ಈಗ ಸಾಹೇಬರು ಕಾಕಾ ಅವರ ದಾರಿ ಎಳೆದರು. ಕಾಕಾ ಅವರ ಚೆಂಡು ಕುಳಿಯ ಅಂಚು ಸವರಿ ಬೆರಳಗಲ ಆಚೆ ನಿಂತಿತು.

ಹನ್ನೆರಡು ಜನರ ಮುಂದೆ ಕಾಕಾ ಟೊಪ್ಪಿಗೆ ತೆಗೆದು ಸಾಹೇಬರ ಕೈ ಕುಲುಕಿದರು. ಬಿಲ್ಲೆಯನ್ನು ಸಾಹೇಬರ ಅಂಗೈಗೆ ಇಟ್ಟವರು ಮಾಸ್ತರರು. ಸಾಹೇಬರು ಅದನ್ನು ಪೊರೆ ತೆಗೆಸಿದ ಕಣ್ಣಿನ ಹತ್ತಿರ ತಂದು ಎಸಳುಗಳನ್ನು ಎಣಿಸಿದರು.

ನಮ್ಮ ಗಾಡಿಗೆ ಇನ್ನೂ ಹೊತ್ತಿತ್ತು. ಸೂರ್ಯ ಗಣಿಯಾಚೆ ಇಳಿಯುತ್ತಿದ್ದ. ಸಂತೆಯಿಂದ ಬಂದ ಅಜ್ಜ ಆಡುಗಳನ್ನು ಬಿಡಲು ಅಂಚಿನಲ್ಲಿ ಕಾಯುತ್ತಿದ್ದ. ಸಾಹೇಬರು, ಕಾಕಾ, ನಾನು ಮೂವರೂ ಒಂದೊಂದು ಕುಳಿಯ ಬಳಿಗೆ ಹೋಗಿ ಬಾವುಟ ಕಿತ್ತು, ಆಡುಗಳ ಕಾಲು ಸಿಕ್ಕಿಕೊಳ್ಳದಿರಲೆಂದು ಪಕ್ಕದಲ್ಲಿ ಇಟ್ಟಿದ್ದ ಚಪ್ಪಟೆ ಕಲ್ಲನ್ನು ಬಾಯಿಗೆ ಮುಚ್ಚಿದೆವು. ಪ್ರತಿ ಕಲ್ಲಿನ ಮೇಲೂ ಸಾಹೇಬರು ಒಂದು ಕಾಲಿಟ್ಟು ಅಲುಗುತ್ತದೆಯೇ ಎಂದು ನೋಡಿದರು. ಐದನೆಯದು ಅಲುಗಿತು. ಕಾಕಾ ಅದನ್ನು ತೆಗೆದು, ಅಡಿಯಲ್ಲಿದ್ದ ಹರಳು ಬಿಸಾಡಿ, ಮತ್ತೆ ಕೂರಿಸಿದರು. ಆರನೆಯದಾದ ಮೇಲೆ ಅಜ್ಜನಿಗೆ ಕೈ ಮಾಡಿದೆವು. ಆಡುಗಳು ಸುಣ್ಣದ ಗೆರೆ ದಾಟಿ ಮೈದಾನಕ್ಕೆ ಇಳಿದವು.